ನೂರರ ತನಕ ಒಪ್ಪಿಸುವ ಮಗು ಐದು ಮುಚ್ಚಳ ಯಾಕೆ ಕೊಡುವುದಿಲ್ಲ? ಎಣಿಕೆ ಕಲಿಸುವ ಸಮಗ್ರ ಮಾರ್ಗದರ್ಶಿ

"ಒಂದು, ಎರಡು, ಮೂರು" ಅಂತ ಶುರು ಮಾಡಿದರೆ ಮಗು ನೂರರ ತನಕ ಗಡಗಡ ಹೇಳುತ್ತದೆ. ಅದೇ ಮಗುವಿನ ಮುಂದೆ ಒಂದು ಬಟ್ಟಲು ತುಂಬ ಮುಚ್ಚಳ ಇಟ್ಟು "ಐದು ಕೊಡು ಪುಟ್ಟ" ಅನ್ನಿ. ಮುಷ್ಟಿ ತುಂಬ ಬಾಚಿ ಕೊಡುತ್ತದೆ. "ಎಣಿಸಿ ಕೊಡು" ಅಂದರೆ ಎಣಿಸುತ್ತದೆ, ಏಳೋ ಎಂಟೋ ಕೊಟ್ಟು ಖುಷಿಯಿಂದ ನಿಮ್ಮ ಮುಖ ನೋಡುತ್ತದೆ.

ಅಪ್ಪ ಅಮ್ಮಂದಿರೂ ಟೀಚರುಗಳೂ ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ. ಮಗುವಿಗೆ ಗಮನ ಇಲ್ಲ ಅಂದುಕೊಂಡು ಇನ್ನಷ್ಟು ಹೇಳಿಸುತ್ತಾರೆ, ಇನ್ನಷ್ಟು ಬರೆಸುತ್ತಾರೆ. ಅದರಿಂದ ಗಿಣಿಪಾಠ ಗಟ್ಟಿಯಾಗುತ್ತದೆ, ಎಣಿಕೆ ಬರುವುದಿಲ್ಲ. ವಾರದ ಹೆಸರುಗಳನ್ನು ವರಸೆಯಾಗಿ ಹೇಳುವ ಮಗುವಿಗೆ ನಾಳೆ ಯಾವ ವಾರ ಅಂತ ಗೊತ್ತಿರಬೇಕು ಅಂತೇನಿಲ್ಲ ಅಲ್ವಾ? ಸಂಖ್ಯೆಯದೂ ಹಾಗೇ. ಹೆಸರುಗಳ ಸಾಲು ಬೇರೆ, ಆ ಹೆಸರು ಎಷ್ಟು ವಸ್ತುವಿಗೆ ಸಲ್ಲುತ್ತದೆ ಅನ್ನುವುದು ಬೇರೆ.

ಈ ಎರಡನ್ನು ಜೋಡಿಸುವ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಹಂತಗಳಿಗೆ ಒಂದು ಕ್ರಮ ಇದೆ. ಕ್ರಮ ತಪ್ಪಿದರೆ ತಿಣುಕಾಟವೇ ಜಾಸ್ತಿ. ಈ ಬರಹ ಸುಮಾರು 2ರಿಂದ 6 ವರ್ಷದ ಮಕ್ಕಳನ್ನು ನೋಡಿಕೊಳ್ಳುವವರಿಗೆ.

## ಬೇಕಾದ ಸಾಮಾನು

ಹತ್ತು ಹದಿನೈದು ಒಂದೇ ಥರದ ವಸ್ತು ಬೇಕು. ಡಬ್ಬಿ ಮುಚ್ಚಳ, ಮರದ ತುಂಡು, ಚಮಚ, ಯಾವುದಾದರೂ ಸರಿ. ಜೊತೆಗೆ ಒಂದು ಬಟ್ಟಲು, ಎರಡು ತಟ್ಟೆ, ಒಂದು ಕರವಸ್ತ್ರ, ಒಂದು ಗೊಂಬೆ, ಸ್ವಲ್ಪ ದಪ್ಪ ಕಾಗದ, ಒಂದು ಸ್ಕೆಚ್ ಪೆನ್ನು. ನಿಮಗೆ ಬರೆದಿಟ್ಟುಕೊಳ್ಳಲು ಒಂದು ಪುಸ್ತಕ. ಇಷ್ಟೇ. ದುಡ್ಡು ಕೊಟ್ಟು ಕಿಟ್ ತರಬೇಕಾಗಿಲ್ಲ.

ಎಣಿಸುವ ವಸ್ತು ಸಪ್ಪೆಯಾಗಿರಲಿ. ಬಣ್ಣದ ಕಾರು, ಪ್ರಾಣಿ ಗೊಂಬೆ ಬೇಡ. ಅವು ಕೈಗೆ ಸಿಕ್ಕರೆ ಮಗು ಎಣಿಸುವುದು ಬಿಟ್ಟು ಆಟಕ್ಕೆ ಇಳಿಯುತ್ತದೆ. ಅದರದ್ದೇನೂ ತಪ್ಪಿಲ್ಲ, ಕಾರು ಇರುವುದೇ ಓಡಿಸಲು.

ಎಚ್ಚರಿಕೆ ಒಂದಿದೆ. 3 ವರ್ಷದೊಳಗಿನ ಮಗು, ಅಥವಾ ಸಿಕ್ಕಿದ್ದನ್ನೆಲ್ಲ ಇನ್ನೂ ಬಾಯಿಗೆ ಹಾಕುವ ಮಗು ಆದರೆ ಚಿಕ್ಕ ವಸ್ತು ಕೊಡಬೇಡಿ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆಯೊಳಗೆ ತೂರುವುದೆಲ್ಲ ಚಿಕ್ಕದೇ. ನೀರಿನ ಬಾಟಲಿಯ ಮುಚ್ಚಳವೂ ಅದರಲ್ಲಿ ತೂರುತ್ತದೆ. ಅಂಥ ಮಗುವಿಗೆ ಅಗಲದ ಡಬ್ಬಿ ಮುಚ್ಚಳ, ದೊಡ್ಡ ಚಮಚ ಇಟ್ಟುಕೊಳ್ಳಿ. ಬಟನ್ ಬ್ಯಾಟರಿ, ಅಯಸ್ಕಾಂತದ ಗುಂಡು ಯಾವ ವಯಸ್ಸಿನ ಮಗುವಿನ ಕೈಗೂ ಸಿಗಬಾರದು.

## ಹಂತ 1: ಮಗು ಎಲ್ಲಿದೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಇದನ್ನು ಬಿಟ್ಟು ನೇರ ಕಲಿಸಲು ಕೂತರೆ ಅರ್ಧ ಕೆಲಸ ಕೆಟ್ಟಂತೆ. "ಎಷ್ಟರ ತನಕ ಹೇಳ್ತೀಯ?" ಅನ್ನುವ ಪ್ರಶ್ನೆ ಬೇಡ. "ಇಷ್ಟು ಕೊಡು" ಅಂತ ಕೇಳಿ.

1. ಬಟ್ಟಲಿನಲ್ಲಿ ಹದಿನೈದು ಮುಚ್ಚಳ ಹಾಕಿ ಮಗುವಿನ ಮುಂದಿಡಿ. ಗೊಂಬೆಯ ಮುಂದೆ ಖಾಲಿ ತಟ್ಟೆ ಇಡಿ.
2. "ಗೊಂಬೆಗೆ ಒಂದು ಕೊಡು" ಅನ್ನಿ. ಕೊಟ್ಟಿದ್ದನ್ನು ಮತ್ತೆ ಬಟ್ಟಲಿಗೆ ಹಾಕಿ.
3. ಸರಿಯಾಗಿದ್ದರೆ ಎರಡು ಕೇಳಿ, ಆಮೇಲೆ ಮೂರು. ತಪ್ಪಿದರೆ ಒಂದು ಸಂಖ್ಯೆ ಕೆಳಗಿಳಿದು ಮತ್ತೆ ಕೇಳಿ.
4. ಮೂರು ಸಲ ಕೇಳಿದಾಗ ಎರಡು ಸಲವಾದರೂ ಸರಿಯಾಗಿ ಕೊಟ್ಟ ಅತಿ ದೊಡ್ಡ ಸಂಖ್ಯೆ ಯಾವುದೋ ಅದನ್ನು ಬರೆದಿಟ್ಟುಕೊಳ್ಳಿ.

ಈ ಹೊತ್ತಿನಲ್ಲಿ ತಿದ್ದಬೇಡಿ, ಶಹಬ್ಬಾಸ್ ಅನ್ನಲೂ ಬೇಡಿ. ಎಷ್ಟೇ ಕೊಡಲಿ, "ಗೊಂಬೆಗೆ ಖುಷಿಯಾಯ್ತು" ಅಂದರೆ ಸಾಕು. ನಿಮ್ಮ ಹುಬ್ಬು ಏರಿದರೂ ಮಗು ಕೈ ಹಿಂದಕ್ಕೆ ತೆಗೆಯುತ್ತದೆ. ಆಗ ನಿಮಗೆ ಸಿಗುವುದು ಅದರ ತಿಳಿವಳಿಕೆಯಲ್ಲ, ನಿಮ್ಮ ಮುಖ ಓದುವ ಜಾಣತನ.

ಈ ಬಗೆಯ ಪರೀಕ್ಷೆಯಿಂದ ಮನಶ್ಶಾಸ್ತ್ರಜ್ಞೆ ಕ್ಯಾರನ್ ವಿನ್ 1990ರ ಸುಮಾರಿಗೆ ಕಂಡುಕೊಂಡದ್ದು ತುಂಬ ಉಪಯುಕ್ತ. ಮಕ್ಕಳು ಸಂಖ್ಯೆಯ ಅರ್ಥವನ್ನು ಒಟ್ಟಿಗೆ ಕಲಿಯುವುದಿಲ್ಲ. ಮೊದಲು ಒಂದಕ್ಕೆ ಮಾತ್ರ ಅರ್ಥ ಸಿಗುತ್ತದೆ. ಆಗ "ಎರಡು", "ಆರು", "ಹತ್ತು" ಎಲ್ಲವೂ ಮಗುವಿಗೆ "ತುಂಬಾ" ಅಂತಲೇ ಅರ್ಥ. ಕೆಲವು ತಿಂಗಳು ಕಳೆದ ಮೇಲೆ ಎರಡು, ಇನ್ನಷ್ಟು ತಿಂಗಳಾದ ಮೇಲೆ ಮೂರು, ಕೆಲವರಿಗೆ ನಾಲ್ಕೂ ಹೀಗೆಯೇ. ಆಮೇಲೆ ಒಂದು ದಿನ, ಎಣಿಸುವಾಗ ಕೊನೆಗೆ ಹೇಳಿದ್ದೇ ಒಟ್ಟು ಅನ್ನುವ ಗುಟ್ಟು ಹೊಳೆಯುತ್ತದೆ. ಐದು, ಆರು, ಏಳು ಒಂದರ ಹಿಂದೆ ಒಂದು ಸಲೀಸಾಗಿ ಬರುತ್ತವೆ. ಈ ಪಯಣ ಮುಗಿಯಲು ವರ್ಷವೋ ಅದಕ್ಕಿಂತ ಜಾಸ್ತಿಯೋ ಹಿಡಿಯುತ್ತದೆ. ಬಹಳಷ್ಟು ಮಕ್ಕಳಿಗೆ 4 ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಆದರೆ ಮಗುವಿನಿಂದ ಮಗುವಿಗೆ ವ್ಯತ್ಯಾಸ ದೊಡ್ಡದು.

ಹಾಗಾಗಿ ಮಗು ಎರಡನ್ನು ಸರಿಯಾಗಿ ಕೊಟ್ಟು ಮೂರರಲ್ಲಿ ತಪ್ಪಿದರೆ ನಿಮ್ಮ ಮುಂದಿನ ಕೆಲಸ ಮೂರು. ಹತ್ತು ಅಲ್ಲ, ಇಪ್ಪತ್ತು ಅಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೂ ಸಾಕಷ್ಟು ಜಗಳ ತಪ್ಪುತ್ತದೆ.

## ಹಂತ 2: ಎಣಿಸದೆ ಕಣ್ಣಿಗೆ ಕಾಣುವಷ್ಟು

ಮೇಜಿನ ಮೇಲೆ ಎರಡು ಚಮಚ ಇದ್ದರೆ ನಾವು ಎಣಿಸುವುದಿಲ್ಲ, ಸುಮ್ನೆ ಕಾಣುತ್ತದೆ. ಮೂರರ ತನಕ, ಹೆಚ್ಚೆಂದರೆ ನಾಲ್ಕರ ತನಕ ಕಣ್ಣಿಗೆ ಈ ಶಕ್ತಿ ಇದೆ. ಎಣಿಕೆಗೆ ಬುನಾದಿ ಇದೇ. ಆದರೆ ಮನೆಯಲ್ಲಿ ಇದನ್ನು ಹಾರಿಸಿ ನೇರ "ಎಣಿಸು" ಅಂತ ಶುರು ಮಾಡುತ್ತೇವೆ.

ಎರಡು ಮುಚ್ಚಳ ಇಟ್ಟು ಕರವಸ್ತ್ರ ಮುಚ್ಚಿ. ಒಂದೆರಡು ಸೆಕೆಂಡು ಬಟ್ಟೆ ಎತ್ತಿ ಮತ್ತೆ ಮುಚ್ಚಿ. "ಎಷ್ಟು ಕಂಡಿತು?" ಬಾಯಲ್ಲಿ ಹೇಳಲು ಬಾರದ ಮಗು ಬೆರಳಲ್ಲಿ ತೋರಿಸಲಿ. ಒಂದು, ಎರಡು, ಮೂರು ಅಷ್ಟರಲ್ಲೇ ಅದಲುಬದಲು ಮಾಡಿ. ಮುಚ್ಚಳ ಆಯಿತು, ಚಮಚ ಆಯಿತು, ಮುಂದೆ ಚಪ್ಪಾಳೆ. ಎರಡು ಚಪ್ಪಾಳೆಯೂ ಎರಡೇ ಅಂತ ತಿಳಿಯುವುದು ಮಗುವಿಗೆ ಸಣ್ಣ ವಿಷಯವಲ್ಲ.

ಮೂರು ಗಟ್ಟಿಯಾದ ಮೇಲೆ ದಾಳದ ಚುಕ್ಕಿಗಳಂತೆ ಕಾಗದದ ಮೇಲೆ ಬರೆದು ತೋರಿಸಿ. ನಾಲ್ಕನ್ನು ಎರಡು ಮತ್ತು ಎರಡಾಗಿ, ಐದನ್ನು ಮೂರು ಮತ್ತು ಎರಡಾಗಿ ಕಣ್ಣು ಹಿಡಿಯಲು ಕಲಿಯುತ್ತದೆ. ಮುಂದೆ ಕೂಡುವ ಲೆಕ್ಕಕ್ಕೆ ಇದೇ ದಾರಿ.

## ಹಂತ 3: ಹೆಸರುಗಳ ವರಸೆ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ಮಾಡಿಸುವುದು ಇದನ್ನೇ. ಸದ್ಯಕ್ಕೆ ಹತ್ತರ ತನಕ ಸಾಕು. ಮೆಟ್ಟಿಲು ಹತ್ತುವಾಗ, ಕೈ ತೊಳೆಯುವಾಗ, ಅಂಗಿಯ ಗುಂಡಿ ಹಾಕುವಾಗ ಹೇಳಿ.

ಎರಡು ವಿಷಯ ಗಮನಿಸಿ. ಒಂದೇ ಎಣಿಕೆಯಲ್ಲಿ ಎರಡು ಭಾಷೆ ಬೆರೆಸಬೇಡಿ. "ಒಂದು, ಎರಡು, ತ್ರೀ, ಫೋರ್" ಅಂದರೆ ಮಗುವಿಗೆ ವರಸೆಯೇ ಸಿಗುವುದಿಲ್ಲ. ಎರಡೂ ಭಾಷೆ ಕಲಿಯಲಿ, ಬೇರೆ ಬೇರೆ ಹೊತ್ತಿನಲ್ಲಿ. ಇನ್ನೊಂದು, ದೊಡ್ಡ ಸಂಖ್ಯೆಗೆ ಹೋದಾಗ ಹತ್ತೊಂಬತ್ತು, ಇಪ್ಪತ್ತೊಂಬತ್ತರ ಹತ್ತಿರ ಮಗು ನಿಲ್ಲುತ್ತದೆ, ಅಥವಾ "ಇಪ್ಪತ್ತಹತ್ತು" ಅನ್ನುತ್ತದೆ. ನಗಬೇಡಿ. ಅದು ಗಿಣಿಪಾಠ ಬಿಟ್ಟು ನಿಯಮ ಹುಡುಕುತ್ತಿದೆ ಅನ್ನುವುದರ ಗುರುತು. "ಮೂವತ್ತು" ಅಂತ ಹೇಳಿಕೊಟ್ಟು ಮುಂದೆ ಹೋಗಿ.

## ಹಂತ 4: ಒಂದು ವಸ್ತುವಿಗೆ ಒಂದೇ ಹೆಸರು

ಬೆರಳು ಒಂದು ಕಡೆ, ಬಾಯಿ ಒಂದು ಕಡೆ ಆಗುವುದು ಇಲ್ಲಿ. ಮಗು ಎಣಿಸುವಾಗ ಪಕ್ಕದಲ್ಲಿ ಕೂತು ಅದರ ತೋರುಬೆರಳನ್ನೇ ನೋಡಿ. ಸಾಲಾಗಿ ಐದು ಮುಚ್ಚಳ ಇದೆ. ಬೆರಳು ಮೊದಲ ಮುಚ್ಚಳದ ಮೇಲೆ ಬಿದ್ದಾಗ ಬಾಯಿ "ಒಂ" ಅನ್ನುತ್ತದೆ. "ದು" ಅನ್ನುವಷ್ಟರಲ್ಲಿ ಬೆರಳು ಎರಡನೆಯದಕ್ಕೆ ಹಾರಿರುತ್ತದೆ. "ಎ" ಮೂರನೆಯದು, "ರ" ನಾಲ್ಕನೆಯದು, "ಡು" ಐದನೆಯದು. ಮಗುವಿನ ಲೆಕ್ಕದಲ್ಲಿ ಐದು ಮುಚ್ಚಳ ಎರಡಾಯಿತು. ನಮ್ಮ ಸಂಖ್ಯೆಯ ಹೆಸರುಗಳಲ್ಲಿ ಎರಡು ಮೂರು ಅಕ್ಷರ ಇರುವುದರಿಂದ ಕನ್ನಡದಲ್ಲಿ ಎಣಿಸುವ ಪುಟ್ಟ ಮಕ್ಕಳು ಹೀಗೆ ಜಾರುವುದು ಸಹಜ. ನೀವು ಗಮನಿಸದೆ "ತಪ್ಪು, ಮತ್ತೆ ಎಣಿಸು" ಅಂದರೆ ಅದು ಮತ್ತೆ ಹಾಗೇ ಎಣಿಸುತ್ತದೆ.

ಮದ್ದು ಸುಲಭ. ಬೆರಳಿಟ್ಟು ತೋರಿಸುವುದು ನಿಲ್ಲಿಸಿ, ಎತ್ತಿ ಹಾಕಿಸಿ. ಒಂದೊಂದೇ ಮುಚ್ಚಳ ತೆಗೆದು ಸ್ಟೀಲ್ ಬಟ್ಟಲಿಗೆ ಹಾಕಲಿ. "ಟಣ್" ಅಂದಾಗ "ಒಂದು". ಇನ್ನೊಂದು "ಟಣ್", "ಎರಡು". ಎತ್ತಿ ಹಾಕಲು ಹೊತ್ತು ಬೇಕಾಗುತ್ತದೆ, ಹಾಗಾಗಿ ಬಾಯಿಗೆ ಪೂರ್ತಿ ಹೆಸರು ಹೇಳಿ ಮುಗಿಸಲು ಸಮಯ ಸಿಗುತ್ತದೆ.

ಇಲ್ಲಿಂದ ಮುಂದಿನ ಕ್ರಮ ಹೀಗಿರಲಿ:

1. ಎತ್ತಿ ಬಟ್ಟಲಿಗೆ ಹಾಕಿ ಎಣಿಸುವುದು.
2. ಸಾಲಿನಲ್ಲಿಟ್ಟು, ಎಣಿಸಿದ್ದನ್ನು ಪಕ್ಕಕ್ಕೆ ಸರಿಸುವುದು.
3. ಸರಿಸದೆ ಮುಟ್ಟಿ ಎಣಿಸುವುದು.
4. ಮುಟ್ಟದೆ ತೋರಿಸಿ ಎಣಿಸುವುದು.
5. ಚೆಲ್ಲಾಪಿಲ್ಲಿ ಬಿದ್ದಿದ್ದನ್ನು ಎಣಿಸುವುದು.
6. ದುಂಡಗೆ ಜೋಡಿಸಿದ್ದನ್ನು ಎಣಿಸುವುದು.

ಕೊನೆಯದು ಎಲ್ಲಕ್ಕಿಂತ ಕಷ್ಟ. ಎಲ್ಲಿಂದ ಶುರು ಮಾಡಿದೆ ಅನ್ನುವುದು ಮರೆತು ಮಗು ಸುತ್ತು ಹಾಕುತ್ತಲೇ ಇರುತ್ತದೆ. ಮೊದಲ ಮುಚ್ಚಳವನ್ನು ಬೋರಲು ಹಾಕಿ ಗುರುತು ಮಾಡುವುದನ್ನು ತೋರಿಸಿಕೊಡಿ.

ಮಗುವಿನ ಕೈ ಹಿಡಿದು ನೀವೇ ಬೆರಳು ಓಡಿಸುವುದು ಒಂದೆರಡು ಸಲಕ್ಕೆ ಸರಿ. ದಿನಾ ಮಾಡಿದರೆ ಬೆರಳು ನಿಮ್ಮದು, ಬಾಯಿ ಮಾತ್ರ ಮಗುವಿನದು ಆಗುತ್ತದೆ. ಹಾಗೆಯೇ ಎಡದಿಂದಲೇ ಎಣಿಸಬೇಕು ಅಂತ ಹಟ ಮಾಡಬೇಡಿ. ಬಲದಿಂದ ಎಣಿಸಿದರೂ ನಡುವಿನಿಂದ ಎಣಿಸಿದರೂ ಐದು ಐದೇ. ಮನಶ್ಶಾಸ್ತ್ರಜ್ಞರಾದ ಗೆಲ್‌ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲಿ ಎಣಿಕೆಯ ಐದು ನಿಯಮಗಳನ್ನು ಪಟ್ಟಿ ಮಾಡಿದಾಗ, ಯಾವ ಕಡೆಯಿಂದ ಎಣಿಸಿದರೂ ಲೆಕ್ಕ ಬದಲಾಗುವುದಿಲ್ಲ ಅನ್ನುವುದನ್ನೂ ಸೇರಿಸಿದ್ದರು.

## ಹಂತ 5: ಕೊನೆಗೆ ಹೇಳಿದ್ದೇ ಒಟ್ಟು

ಇಡೀ ಕೆಲಸದ ಗಂಟು ಇಲ್ಲಿದೆ. ಅವಸರ ಮಾಡಬೇಡಿ.

ಮಗು "ಒಂದು, ಎರಡು, ಮೂರು, ನಾಲ್ಕು" ಅಂತ ಸರಿಯಾಗಿ ಎಣಿಸಿತು. "ಹಾಗಾದರೆ ಎಷ್ಟಿದೆ?" ಅಂತ ಕೇಳಿ. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದರೆ ಗಂಟು ಇನ್ನೂ ಬಿಚ್ಚಿಲ್ಲ. ಅದರ ಪಾಲಿಗೆ "ಎಷ್ಟು?" ಅಂದರೆ "ಆ ಹಾಡು ಹೇಳು" ಅಂತ. "ನಾಲ್ಕು" ಅನ್ನುವುದು ಕೊನೆಯ ಮುಚ್ಚಳದ ಹೆಸರು, ಎಲ್ಲ ಸೇರಿ ಎಷ್ಟು ಅನ್ನುವುದರ ಹೆಸರಲ್ಲ.

ಕಲಿಸುವ ರೀತಿ ಸ್ವಲ್ಪ ತಿರುವುಮುರುವು. ನಾವು ಸಾಮಾನ್ಯವಾಗಿ ಎಣಿಸಿ ಆಮೇಲೆ ಒಟ್ಟು ಹೇಳುತ್ತೇವೆ. ಇಲ್ಲಿ ಒಟ್ಟನ್ನು ಮೊದಲು ಹೇಳಿ. ಮಗುವಿಗೆ ಎರಡು ಗಟ್ಟಿ, ಮೂರು ಸಡಿಲ ಅಂದುಕೊಳ್ಳೋಣ. ತಟ್ಟೆಯಲ್ಲಿ ಮೂರು ಚಮಚ ಇಡಿ.

"ನೋಡು, ಇಲ್ಲಿ ಮೂರು ಚಮಚ ಇದೆ."

ಒಂದೊಂದನ್ನೇ ಮುಟ್ಟಿ, "ಒಂದು. ಎರಡು. ಮೂರು."

ಅಂಗೈಯನ್ನು ಮೂರರ ಸುತ್ತ ಒಂದು ಸುತ್ತು ತಿರುಗಿಸಿ, "ಮೂರು ಚಮಚ."

ಅಷ್ಟೇ. ಪ್ರಶ್ನೆ ಕೇಳಬೇಡಿ. ಮುಂದಿನ ವಸ್ತು ತೆಗೆದುಕೊಳ್ಳಿ. ಒಟ್ಟನ್ನು ಮೊದಲು ಹೇಳಿ ಕೂಡಲೇ ಎಣಿಸಿ ತೋರಿಸಿದಾಗ ಮಕ್ಕಳು ಕಲಿಯುತ್ತಾರೆ, ಬರೀ ಎಣಿಸಿ ತೋರಿಸಿದರೆ ಅಷ್ಟು ಕಲಿಯುವುದಿಲ್ಲ ಅನ್ನುವುದು ಪ್ರಯೋಗಗಳಲ್ಲೂ ಕಂಡುಬಂದಿದೆ. ಕಾರಣ ಊಹಿಸುವುದು ಕಷ್ಟವಲ್ಲ. ಮೊದಲು ಕೇಳಿದ "ಮೂರು" ಕಿವಿಯಲ್ಲಿ ಇರುವಾಗಲೇ ಎಣಿಕೆಯ ಕೊನೆಯಲ್ಲಿ ಅದೇ "ಮೂರು" ಬರುತ್ತದೆ. ಎರಡೂ ಒಂದೇ ಅಂತ ಮಗುವಿಗೆ ಹೊಳೆಯಲು ಅವಕಾಶ ಸಿಗುತ್ತದೆ.

ಇದರ ಜೊತೆಗೆ "ಅಲ್ಲ" ಅನ್ನುವುದನ್ನೂ ತೋರಿಸಿ. ಒಂದು ತಟ್ಟೆಯಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು. "ಇದು ಮೂರು. ಇದು ಮೂರಲ್ಲ." ಮೂರು ಯಾವುದು ಅಂತ ತಿಳಿಯಲು ಮೂರಲ್ಲದ್ದನ್ನೂ ನೋಡಬೇಕು.

ಕೆಲವು ದಿನ ಹೀಗೆ ಮಾಡಿದ ಮೇಲೆ ಗೊಂಬೆಯ ಮುಂದೆ ಮತ್ತೆ ಖಾಲಿ ತಟ್ಟೆ ಇಡಿ. "ಗೊಂಬೆಗೆ ಮೂರು ಕೊಡು." ಎರಡು ಕೊಟ್ಟರೆ "ತಪ್ಪು" ಅನ್ನಬೇಡಿ. "ನೋಡೋಣ. ಒಂದು, ಎರಡು. ಎರಡಿದೆ. ಗೊಂಬೆಗೆ ಮೂರು ಬೇಕಿತ್ತು. ಇನ್ನೊಂದು ಹಾಕೋಣ. ಈಗ ಮೂರು." ಜಾಸ್ತಿ ಕೊಟ್ಟರೆ ಒಂದು ತೆಗೆದು ತೋರಿಸಿ. ಮಗುವೇ ಕೈ ಹಾಕಿ ಸರಿಮಾಡಲಿ.

ಒಂದು ಮೋಸ ಇದೆ, ಎಚ್ಚರ. ಕೆಲವು ಮಕ್ಕಳು "ಎಷ್ಟು?" ಅಂದಾಗ ಕೊನೆಯ ಶಬ್ದ ಹೇಳಿದರೆ ದೊಡ್ಡವರು ಖುಷಿಪಡುತ್ತಾರೆ ಅಂತ ಕಂಡುಕೊಂಡಿರುತ್ತಾರೆ. "ನಾಲ್ಕು" ಅಂತ ಥಟ್ಟನೆ ಹೇಳುತ್ತಾರೆ, ನಾಲ್ಕು ಕೊಡು ಅಂದರೆ ಮುಷ್ಟಿ ತುಂಬ ಕೊಡುತ್ತಾರೆ. ಹಾಗಾಗಿ ಬಾಯಿಮಾತಿನ ಉತ್ತರ ನಂಬಬೇಡಿ. ಕೈಯಿಂದ ಕೊಟ್ಟದ್ದನ್ನು ನಂಬಿ.

ನಾಲ್ಕರ ನಂತರ ಐದು, ಆರನ್ನು ಕೇಳಿದಾಗ ಮಗು ಬಾಚದೆ ಒಂದೊಂದೇ ಎಣಿಸಿ, ಕೇಳಿದ ಸಂಖ್ಯೆ ಬಂದ ಕೂಡಲೇ ಕೈ ನಿಲ್ಲಿಸಿದರೆ ಗುಟ್ಟು ಸಿಕ್ಕಿತು ಅಂತಲೇ. ಎಣಿಸುತ್ತಾ "ಎಷ್ಟು ಕೇಳಿದ್ದು?" ಅಂತ ಮರೆಯುವ ಮಕ್ಕಳೂ ಇದ್ದಾರೆ. ಅದು ಲೆಕ್ಕದ ತೊಂದರೆ ಅಲ್ಲ, ನೆನಪಿನದು. ನಡುವೆ ಒಮ್ಮೆ "ಐದು ಬೇಕು" ಅಂತ ನೆನಪಿಸಿ ನೋಡಿ.

## ಹಂತ 6: ಹರಡಿದರೂ ಅಷ್ಟೇ

ಐದು ಮುಚ್ಚಳದ ಎರಡು ಸಾಲು ಎದುರುಬದುರು ಇಡಿ. ಎರಡೂ ಸಮ ಅಂತ ಮಗು ಒಪ್ಪುತ್ತದೆ. ಅದರ ಕಣ್ಣೆದುರೇ ಒಂದು ಸಾಲನ್ನು ದೂರ ದೂರ ಹರಡಿ. "ಈಗ?" ಅಂದರೆ ಉದ್ದದ ಸಾಲಿನಲ್ಲೇ ಜಾಸ್ತಿ ಅನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಇದನ್ನು ತೋರಿಸಿ, 6-7 ವರ್ಷದ ತನಕ ಮಕ್ಕಳಿಗೆ ಈ ತಿಳಿವಳಿಕೆ ಗಟ್ಟಿಯಾಗಿರುವುದಿಲ್ಲ ಅಂದರು.

ಆದರೆ ಪ್ರಶ್ನೆ ಕೇಳುವ ರೀತಿಯಲ್ಲೂ ತೊಡಕಿದೆ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಅನ್ನುವ ಸಂಶೋಧಕರು ಅದೇ ಪ್ರಯೋಗವನ್ನು ಸ್ವಲ್ಪ ಬದಲಿಸಿದರು. ಸಾಲು ಕೆಡಿಸಿದ್ದು ದೊಡ್ಡವರಲ್ಲ, ಒಂದು ತುಂಟ ಟೆಡ್ಡಿ ಕರಡಿ. ಆಗ ಎಷ್ಟೋ ಜಾಸ್ತಿ ಮಕ್ಕಳು ಸರಿಯಾದ ಉತ್ತರ ಕೊಟ್ಟರು. ದೊಡ್ಡವರು ಬೇಕಂತಲೇ ಸಾಲು ಬದಲಿಸಿ ಅದೇ ಪ್ರಶ್ನೆ ಎರಡನೇ ಸಲ ಕೇಳಿದರೆ, ಮೊದಲು ಹೇಳಿದ್ದು ತಪ್ಪಾಗಿರಬೇಕು, ಬೇರೆ ಉತ್ತರ ಬೇಕೇನೋ ಅಂತ ಮಗು ಅಂದುಕೊಳ್ಳುತ್ತದೆ.

ಈ ಮಾತು ಎಣಿಕೆಯ ಎಲ್ಲ ಹಂತಕ್ಕೂ ಅನ್ವಯ. ಮಗು "ನಾಲ್ಕು" ಅಂದ ಮೇಲೆ "ಹೌದಾ? ಸರಿಯಾಗಿ ನೋಡು, ಎಷ್ಟು?" ಅನ್ನಬೇಡಿ. ಸರಿ ಉತ್ತರ ಹೇಳಿದ ಮಗುವೂ ಉತ್ತರ ಬದಲಿಸುತ್ತದೆ.

ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ಗೊಂಬೆ ಬಂದು ಮುಚ್ಚಳಗಳನ್ನು ಚೆಲ್ಲಲಿ. "ಅಯ್ಯೋ, ಈಗ ಎಷ್ಟಿದೆಯೋ?" ಮಗುವೇ ಎಣಿಸಿ ನೋಡಲಿ. ತಲೆಗೆ ಹೋಗಲಿಲ್ಲ ಅಂದರೆ ಬಿಟ್ಟುಬಿಡಿ. ಬಲವಂತವಾಗಿ ತುಂಬಿಸುವ ವಿಷಯ ಇದಲ್ಲ. ಈ ಹಂತ ಮುಗಿಯದೆ ಮುಂದಿನದಕ್ಕೆ ಹೋಗಬಾರದು ಅಂತಲೂ ಇಲ್ಲ.

## ಹಂತ 7: ಇನ್ನೊಂದು ಸೇರಿದರೆ ಮುಂದಿನದು

ಬಟ್ಟಲಿನಲ್ಲಿ ನಾಲ್ಕು ಮುಚ್ಚಳ ಇದೆ ಅಂತ ಮಗುವಿಗೆ ಗೊತ್ತು. ಬಟ್ಟೆ ಮುಚ್ಚಿ. ಕಾಣುವಂತೆ ಇನ್ನೊಂದು ಒಳಗೆ ಹಾಕಿ. "ಈಗ ಎಷ್ಟು?" ಮತ್ತೆ ಎಣಿಸಲು ಆಗುವುದಿಲ್ಲ. "ಐದು" ಅಂದರೆ ಮಗು ಹೆಸರುಗಳ ಸಾಲನ್ನೇ ಲೆಕ್ಕಕ್ಕೆ ಬಳಸಲು ಶುರು ಮಾಡಿದೆ. ಬೆರಳು ಮಡಚಿ ಹೇಳಿದರೂ ಸರಿಯೇ. ಬೆರಳು ಎಣಿಸುವುದನ್ನು ಈ ವಯಸ್ಸಿನಲ್ಲಿ ಯಾರೂ ತಡೆಯಬೇಡಿ, ಅದು ಮಗುವಿಗೆ ಸದಾ ಕೈಗೆಟಕುವ ಸಲಕರಣೆ.

ಇದಕ್ಕೆ ಒಳ್ಳೆಯ ಆಟ ಒಂದಿದೆ. ಉದ್ದ ಕಾಗದದ ಪಟ್ಟಿಯ ಮೇಲೆ ಹತ್ತು ಮನೆ ಬರೆದು 1ರಿಂದ 10 ಅಂಕಿ ಹಾಕಿ. ಒಂದು ಚೀಟಿಯಲ್ಲಿ 1, ಇನ್ನೊಂದರಲ್ಲಿ 2 ಬರೆದು ಮಡಚಿ. ಚೀಟಿ ಎತ್ತಿ ಅಷ್ಟು ಮನೆ ಕಾಯಿ ನಡೆಸುವುದು. ನಿಯಮ ಒಂದೇ: ಕಾಯಿ ಹೋಗುವ ಮನೆಯ ಅಂಕಿ ಹೇಳಬೇಕು. ನಾಲ್ಕನೇ ಮನೆಯಲ್ಲಿದ್ದು 2 ಬಂದರೆ "ಐದು, ಆರು" ಅಂತ ಹೇಳುತ್ತಾ ನಡೆಸಬೇಕು. "ಒಂದು, ಎರಡು" ಅಂದರೆ ಈ ಆಟದ ಅರ್ಧ ಲಾಭ ಹೋಯಿತು.

ಅಮೆರಿಕದ ಸಂಶೋಧಕರಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೆ ಇಂಥದೇ ಆಟ ಆಡಿಸಿದರು. ಎರಡು ವಾರದಲ್ಲಿ ಸುಮಾರು 15 ನಿಮಿಷದಂತೆ 4 ಸಲ ಆಡಿದ್ದಷ್ಟೇ. ಸಂಖ್ಯೆಗಳ ಹಿರಿದು ಕಿರಿದು ಗುರುತಿಸುವುದು, ಅಂಕಿ ಓದುವುದು, ಎಣಿಸುವುದು ಎಲ್ಲದರಲ್ಲೂ ಮಕ್ಕಳು ಮುಂದೆ ಬಂದರು. 9 ವಾರದ ನಂತರ ನೋಡಿದಾಗಲೂ ಅದು ಉಳಿದಿತ್ತು. ಅಂಕಿಯ ಬದಲು ಬಣ್ಣದ ಮನೆಗಳಿದ್ದ ಪಟ್ಟಿಯಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ದುಂಡಗಿನ ಪಟ್ಟಿಯೂ ನೇರ ಪಟ್ಟಿಯಷ್ಟು ಕೆಲಸ ಮಾಡಲಿಲ್ಲ ಅಂತ ಅವರೇ ಆಮೇಲೆ ತೋರಿಸಿದರು. ಹಾವು ಏಣಿ ಆಟ ಈ ವಯಸ್ಸಿಗೆ ಯಾಕೆ ಬೇಡ ಅಂತಲೂ ಇದರಿಂದ ಊಹಿಸಬಹುದು. ನೂರು ಮನೆ, ಸಾಲು ಸಾಲಿಗೂ ದಿಕ್ಕು ಬದಲು. ಆಡಲಿ, ಖುಷಿಗೆ. ಎಣಿಕೆ ಕಲಿಸಲು ಹತ್ತು ಮನೆಯ ನೇರ ಪಟ್ಟಿಯೇ ಮೇಲು.

## ಹಂತ 8: ಅಂಕಿ ಬರೆಯುವುದು ಕೊನೆಗೆ

ಎಲ್ಲರೂ ಮೊದಲು ಮಾಡಿಸುವುದನ್ನು ನಾನು ಕೊನೆಗೆ ಇಟ್ಟಿದ್ದೇನೆ, ಬೇಕಂತಲೇ. ಚುಕ್ಕಿ ಕೂಡಿಸಿ 5 ಬರೆಯುವ ಹಾಳೆ ಎಷ್ಟು ತುಂಬಿಸಿದರೂ ಐದು ಎಷ್ಟು ಅಂತ ಅದು ಹೇಳಿಕೊಡುವುದಿಲ್ಲ. ಅದು ಕೈಗೆ ಕೊಡುವ ಅಭ್ಯಾಸ, ಲೆಕ್ಕಕ್ಕಲ್ಲ.

ಮೊದಲು ಗುರುತಿಸಲಿ. 1ರಿಂದ 5 ಅಂಕಿಯ ಚೀಟಿ, ಚುಕ್ಕಿಯ ಚೀಟಿ ಮಾಡಿ ಜೋಡಿಸುವ ಆಟ ಆಡಿ. ಆಮೇಲೆ ಅಂಕಿಯ ಚೀಟಿ ತೋರಿಸಿ "ಇಷ್ಟು ತಂದುಕೊಡು" ಅನ್ನಿ. ಇದು ಸಲೀಸಾದ ಮೇಲೆ ಬರವಣಿಗೆ. 3, 6, 7, 9 ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತವೆ. 7 ವರ್ಷದ ತನಕ ಇದು ಸಾಮಾನ್ಯ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿಡಿ, ಸಾಕು. ಹತ್ತು ಸಲ ಬರೆಸುವ ಶಿಕ್ಷೆ ಬೇಡ.

## ಎಷ್ಟು ಹೊತ್ತು, ಎಷ್ಟು ಮಕ್ಕಳು

ಒಂದು ಸಲಕ್ಕೆ ಐದು ನಿಮಿಷ. ದಿನಕ್ಕೆ ಎರಡು ಸಲ. ಮಗು "ಇನ್ನೊಂದು ಸಲ" ಅನ್ನುವಾಗಲೇ ನಿಲ್ಲಿಸಿ. ಮುಖ ತಿರುಗಿಸಿದ ಮೇಲೆ ಎಳೆದು ಕೂರಿಸಿದರೆ ನಾಳೆಯ ಐದು ನಿಮಿಷವೂ ಹೋಗುತ್ತದೆ.

ತರಗತಿಯಲ್ಲಿ ಇಪ್ಪತ್ತು ಮಕ್ಕಳು ಒಟ್ಟಿಗೆ ಕೂಗಿ ಎಣಿಸುವಾಗ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಅಂತ ತಿಳಿಯುವುದೇ ಇಲ್ಲ. ಗಟ್ಟಿ ದನಿಯ ನಾಲ್ವರು ಎಲ್ಲರನ್ನೂ ಎಳೆದುಕೊಂಡು ಹೋಗುತ್ತಾರೆ. ಹಂತ 1ರ ಪರೀಕ್ಷೆಯನ್ನು ಒಬ್ಬೊಬ್ಬರಿಗೇ ಮಾಡಿ, ದಿನಕ್ಕೆ ಮೂರ್ನಾಲ್ಕು ಮಕ್ಕಳಂತೆ. ಒಂದೇ ಮಟ್ಟದ ಮೂರು ನಾಲ್ಕು ಮಕ್ಕಳ ಗುಂಪು ಮಾಡಿ. ಉಳಿದದ್ದನ್ನು ದಿನದ ಕೆಲಸದಲ್ಲೇ ಸೇರಿಸಿ. "ನಿಮ್ಮ ಮೇಜಿಗೆ ನಾಲ್ಕು ಹಾಳೆ ತಗೊಂಡು ಹೋಗು." ಹಾಳೆ ಕಡಿಮೆ ಬಿದ್ದರೆ ಟೀಚರ್ ಹೇಳಬೇಕಾಗಿಲ್ಲ, ಹಾಳೆ ಸಿಗದ ಗೆಳೆಯನೇ ಹೇಳುತ್ತಾನೆ.

## ಪದೇ ಪದೇ ಆಗುವ ತಪ್ಪುಗಳು

ಕಲಿಸುವುದಕ್ಕಿಂತ ಪರೀಕ್ಷೆ ಮಾಡುವುದು ಜಾಸ್ತಿ. ಬಂದ ನೆಂಟರ ಮುಂದೆಲ್ಲ "ಎಷ್ಟು? ಎಷ್ಟು?" ಅಂತ ಕೇಳುತ್ತಲೇ ಇದ್ದರೆ ಮಗು ಬಾಯಿ ಮುಚ್ಚುತ್ತದೆ. ಒಂದು ಪ್ರಶ್ನೆ ಕೇಳಿದರೆ ನಾಲ್ಕು ಸಲ ಹೇಳಿ ತೋರಿಸಿರಬೇಕು.

ಮಾತಿನಲ್ಲಿ ಸಂಖ್ಯೆ ಇಲ್ಲದಿರುವುದು. "ಚಪ್ಪಲಿ ತಗೊಂಡು ಬಾ" ಅನ್ನುವ ಬದಲು "ನಿನ್ನ ಎರಡೂ ಚಪ್ಪಲಿ ತಗೊಂಡು ಬಾ" ಅನ್ನಬಹುದು. ಕಣ್ಣೆದುರು ವಸ್ತು ಇರುವಾಗ ಹೇಳಿದ ಸಂಖ್ಯೆಗೇ ಬೆಲೆ. ಗಾಳಿಯಲ್ಲಿ ತೇಲಿಬಿಟ್ಟ ಎಣಿಕೆಯಿಂದ ಅಷ್ಟು ಉಪಯೋಗ ಇಲ್ಲ.

ಮೊಬೈಲ್ ಆಪ್ ಕೈಗೆ ಕೊಟ್ಟು ಎದ್ದು ಹೋಗುವುದು. ಪರದೆಯ ಮೇಲಿನ ಐದನ್ನು ಎತ್ತಿ ಇನ್ನೊಬ್ಬರ ಕೈಗೆ ಕೊಡಲಾಗುವುದಿಲ್ಲ. ಮುಟ್ಟಿದಾಗಲೆಲ್ಲ ಆಪ್ ತಾನೇ ಎಣಿಸಿಬಿಡುತ್ತದೆ. ಮಗುವಿಗೆ ಉಳಿಯುವುದು ಮುಟ್ಟುವ ಕೆಲಸ.

ಇನ್ನು ಅಣ್ಣನ ಜೊತೆ, ಪಕ್ಕದ ಮನೆ ಮಗುವಿನ ಜೊತೆ ಹೋಲಿಸುವುದು. ಇದು ಬೇಡ ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ.

## ಯಾವಾಗ ಕಾಯಬೇಕು, ಯಾವಾಗ ತೋರಿಸಬೇಕು

ಎರಡರಿಂದ ಮೂರಕ್ಕೆ ಹೋಗಲು ತಿಂಗಳುಗಟ್ಟಲೆ ಆಯಿತು ಅಂತ ಗಾಬರಿ ಬೇಡ. ಒಂದು ದಿನ ಬಂದದ್ದು ಮರುದಿನ ತಪ್ಪುವುದೂ ಮಾಮೂಲು. ಹೊಸದಾಗಿ ಕಲಿತದ್ದು ಮೊದಮೊದಲು ಹಾಗೇ ಅಲ್ಲಾಡುತ್ತಿರುತ್ತದೆ.

ಆದರೆ ಕೆಲವು ಗುರುತುಗಳಿದ್ದರೆ ಮಕ್ಕಳ ವೈದ್ಯರ ಹತ್ತಿರ ಮಾತಾಡಿ. ನಾಲ್ಕು ವರ್ಷ ದಾಟಿದ ಮಗು ಆಟದಲ್ಲೂ ಒಂದು, ಎರಡನ್ನು ಬೇರೆ ಮಾಡಿ ಕೊಡುವುದಿಲ್ಲ. ಐದು ವರ್ಷ ದಾಟಿ, ಕೆಲವು ತಿಂಗಳು ಒಟ್ಟಿಗೆ ಕೂತು ಆಡಿದ ಮೇಲೂ ಐದು ವಸ್ತು ಎಣಿಸಲು ಆಗುವುದಿಲ್ಲ. ಎಣಿಕೆಯಷ್ಟೇ ಅಲ್ಲ, ಮಾತೂ ತಡ, ಹೇಳಿದ್ದು ಅರ್ಥವಾಗುವುದೂ ಕಷ್ಟ. ಕರೆದರೆ ತಿರುಗುವುದಿಲ್ಲ, "ಏಳು", "ಎಂಟು" ಅಂತ ಹೇಳಿದ್ದನ್ನು ಬೇರೆ ಏನೋ ಆಗಿ ಕೇಳಿಸಿಕೊಳ್ಳುತ್ತದೆ. ಕೊನೆಯದಕ್ಕೆ ಮೊದಲು ಕಿವಿಯ ಪರೀಕ್ಷೆ ಆಗಬೇಕು. ವಸ್ತುವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡುತ್ತಿದ್ದರೆ ಕಣ್ಣಿನದು.

ಮೊದಲು ಚೆನ್ನಾಗಿ ಬರುತ್ತಿದ್ದ ಮಾತು, ಎಣಿಕೆ ಅಥವಾ ಕೈಕೆಲಸ ಕ್ರಮೇಣ ಹೋಗುತ್ತಿದ್ದರೆ ಮಾತ್ರ ಕಾಯಲೇಬೇಡಿ. ಅದೇ ವಾರ ತೋರಿಸಿ.

ಗಣಿತದ ಕಲಿಕೆಯ ತೊಂದರೆಗೆ ಡಿಸ್‌ಕ್ಯಾಲ್ಕುಲಿಯಾ ಅನ್ನುವ ಹೆಸರಿದೆ. ಶಾಲೆಗೆ ಹೋಗಿ ಒಂದಷ್ಟು ಕಾಲ ಕಲಿಸಿದ ಮೇಲೂ ತೊಂದರೆ ಉಳಿದರೆ ತಜ್ಞರು ಅದನ್ನು ನೋಡುತ್ತಾರೆ. ನಾಲ್ಕು ವರ್ಷದ ಮಗುವಿಗೆ ಮನೆಯಲ್ಲೇ ಆ ಹೆಸರು ಅಂಟಿಸಬೇಡಿ.

ವೈದ್ಯರ ಹತ್ತಿರ ಹೋಗುವಾಗ ನಿಮ್ಮ ಪುಸ್ತಕ ತೆಗೆದುಕೊಂಡು ಹೋಗಿ. "ಲೆಕ್ಕ ಬರಲ್ಲ ಡಾಕ್ಟ್ರೇ" ಅನ್ನುವುದಕ್ಕಿಂತ ಯಾವ ತಿಂಗಳು ಎಷ್ಟು ಕೇಳಿದಾಗ ಎಷ್ಟು ಕೊಟ್ಟಿತು, ಎಣಿಸುವಾಗ ಬೆರಳು ಎಲ್ಲಿ ತಪ್ಪಿತು, ಸಾಲು ಹೇಳುವುದು ಎಲ್ಲಿಗೆ ನಿಂತಿತು ಅನ್ನುವ ನಾಲ್ಕು ಸಾಲು ಅವರಿಗೆ ಎಷ್ಟೋ ಜಾಸ್ತಿ ಉಪಯೋಗಕ್ಕೆ ಬರುತ್ತದೆ.